ಕಾರು ಬಾರದ ಓಣಿ

“ಇಲ್ಲಿಗೆ ಕಾರು ಬರೂದಿಲ್ಲ ಅಲ್ವಾ ಅಕ್ಕಾ?”

ಕೇಣಿಯಲ್ಲಿ ನಮ್ಮ ಬಾಡಿಗೆ ಮನೆ ನೋಡಲು ಮಗಳೊಂದಿಗೆ ಬಂದಿದ್ದ ಹೆಂಗಸು ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಳು. ಈ ಕಾರಣಕ್ಕೇ ಎಷ್ಟೋ ಜನ ಮನೆ ಬೇಡವೆಂದು ಹೋಗಿದ್ದರು.

“ಬೈಕೂ ಬರೂದಿಲ್ಲ. ನಡದೇ ಬರ್ಬೇಕು. ಯಾಕೆ ಕೇಳ್ತೆ?” ಎಂದೆ.

“ಹಾಗಾದ್ರೆ ಇದೇ ಮನೆ ಬೇಕು. ಇವಳಿಗೆ ಕಿವಿ ಕೇಳೂದಿಲ್ಲ. ಬಿಣಗಾದಲ್ಲಿ ನಮ್ಮನೆ ಹೈವೇ ಪಕ್ಕ. ಹೊರಗೆ ಬಂದ್ರೆ ಇವಳ ಕೈ ಬಿಟ್ಟದ್ದೇ ಇಲ್ಲ.”

ಹಾಗೆನ್ನುತ್ತಲೇ ಕೈ ಬಿಟ್ಟಳು. ಹುಡುಗಿ ನಂಬಲಾರದೆ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದ್ದೇ ತಡ, ಓಣಿಯ ಕೊನೆಯವರೆಗೂ ಓಡಿದಳು.

ಅವರೀಗ ನಮ್ಮ ನೆರೆಯವರು. ಓಣಿ ಅಗಲ ಮಾಡಿಸಬೇಕೆಂದು ವರ್ಷಗಟ್ಟಲೆ ಕಂಡಕಂಡವರ ಬೆನ್ನುಬಿದ್ದಿದ್ದವಳು ನಾನು. ಈಗ ಆ ಮಾತೆತ್ತುವುದಿಲ್ಲ.