ಎಡಗಣ್ಣಿಗೆ ‘ಬಲ’ ಎಂದು ಬರೆದ ಒಂಬತ್ತು ದಿನ

ಬೆಳಗಿನ ಐದೂಮುಕ್ಕಾಲು. ಕಿಟಕಿಯಿಲ್ಲದ ಪ್ರಯೋಗಾಲಯದಲ್ಲಿ ಮಂಕು ಕೆಂಪು ದೀಪವೊಂದೇ ಉರಿಯುತ್ತಿದೆ. ಎಲ್ಲರೂ ‘ಕಣ್ಣಕ್ಕ’ ಎಂದು ಕರೆಯುವ ಸಹಾಯಕಿ ಸೂಕ್ಷ್ಮದರ್ಶಕಕ್ಕೆ ಬಾಗಿ, ಚಿಮುಟದ ತುದಿಯಲ್ಲಿ ಇಲಿಯ ಕಣ್ಣಿನಿಂದ ರೆಟಿನಾ ಪದರವನ್ನು ಬಿಡಿಸುತ್ತಿದ್ದಾರೆ. ಈರುಳ್ಳಿಯ ಒಳಪೊರೆಗಿಂತ ತೆಳು ಅದು. “ಮಾತಾಡಿಸ್ಬೇಡಿ, ಉಸಿರೂ ಮೆಲ್ಲಗೆ ಬಿಡಿ,” ಎನ್ನುತ್ತಾರೆ. ವರದಿ ಬರೆಯಲು ಬಂದಿರುವ ನಾನು ಪೆನ್ನು ಜೇಬಿಗಿಟ್ಟು ಗೋಡೆಗೆ ಅಂಟಿಕೊಂಡು ನಿಲ್ಲುತ್ತೇನೆ.

ಬಿಡಿಸಿದ ಪದರವನ್ನು ನೂರಾರು ಸೂಜಿಮೊನೆಗಳಿರುವ ಗಾಜಿನ ತಟ್ಟೆಯ ಮೇಲೆ ಹಾಸಿದರೆ ಆರೇಳು ಗಂಟೆ ಅದರ ಕೋಶಗಳು ಬದುಕಿರುತ್ತವೆ. ಅವಕ್ಕೆ ಚಲಿಸುವ ಪಟ್ಟೆಗಳನ್ನು ತೋರಿಸಿ, ಯಾವ ಕೋಶ ಯಾವಾಗ ಮಿಡಿಯಿತೆಂದು ದಾಖಲಿಸುತ್ತಾರೆ. ಇದನ್ನೇ ಆಧರಿಸಿ ಪಕ್ಕದ ಕೋಣೆಯ ಸಂಶೋಧಕಿ ಕಂಪ್ಯೂಟರಿನಲ್ಲಿ ರೆಟಿನಾದ ಮಾದರಿ ಕಟ್ಟಿದ್ದಾಳೆ. ಚಿತ್ರ ಕೊಟ್ಟರೆ ಕಣ್ಣು ಮಿದುಳಿಗೆ ಯಾವ ಸುದ್ದಿ ಕಳಿಸುತ್ತದೆಂದು ಅದು ಮೊದಲೇ ಲೆಕ್ಕ ಹಾಕಿ ಹೇಳಬೇಕು. ಕೆಲವು ಕೋಶಗಳು ಮಾತ್ರ ಲೆಕ್ಕಕ್ಕೆ ಸಿಗದೆ, ವಿರುದ್ಧ ದಿಕ್ಕಿನ ಪಟ್ಟೆಗೆ ಮಿಡಿದವು. ಅವಕ್ಕಾಗಿ ಆಕೆ ಹೊಸ ನಿಯಮವೊಂದನ್ನು ಸೇರಿಸಿದಳು. ಮೂರು ವರ್ಷದ ದುಡಿಮೆಯಲ್ಲಿ ಆಕೆಯ ದೊಡ್ಡ ಶೋಧ ಅದೇ. ಪ್ರಬಂಧ ಮುಂದಿನ ವಾರ ಅಚ್ಚಾಗಬೇಕು.

ಈ ನಡುವೆ ಹಳೆಯ ದಾಖಲೆ ಪುಸ್ತಕದೊಳಗೆ ಕಣ್ಣಕ್ಕನಿಗೆ ತಮ್ಮದೇ ಕೈನೋವಿನ ಆಸ್ಪತ್ರೆ ಚೀಟಿಯೊಂದು ಸಿಕ್ಕಿದೆ.

“ಆಗ ಬಲಗೈ ಉಳುಕಿತ್ತು. ಎಡಗೈಲಿ ಎಡಗಣ್ಣು ತೆಗೆಯೋದೇ ಸಲೀಸು ಅಂತ ಒಂಬತ್ತು ದಿನ ಅದನ್ನೇ ತೆಗ್ದೆ. ಪುಸ್ತಕದಲ್ಲಿ ಮಾತ್ರ ದಿನಾ ಬರೆಯೋ ಹಾಗೆ ‘ಬಲ’ ಅಂತಾನೇ ಬರ್ಕೊಂಡು ಹೋಗಿದೀನಿ.”

ಎಡಗಣ್ಣನ್ನು ಬಲಗಣ್ಣೆಂದು ಬರೆದರೆ ಮೂಗಿನ ಕಡೆಯದು ಕಿವಿಯ ಕಡೆಯದಾಗುತ್ತದೆ, ಪಟ್ಟೆಯ ದಿಕ್ಕೇ ಉಲ್ಟಾ ಆಗುತ್ತದೆ. ಹಠಮಾರಿ ಕೋಶಗಳೆಲ್ಲ ಆ ಒಂಬತ್ತು ದಿನಗಳವೇ. ಕಣ್ಣಕ್ಕ ಅಂದೇ ಸಂಶೋಧಕಿಗೆ ಹೇಳಿದ್ದಾರೆ.

ಐವತ್ತೊಂದರ ಈಕೆ ಮೊದಲು ಕಟ್ಟುಹಲ್ಲು ತಯಾರಿಸುವ ಅಂಗಡಿಯಲ್ಲಿದ್ದವರು. ಇಲ್ಲಿ ದಿನಕ್ಕೊಂದು ಕಣ್ಣು, ವಾರಕ್ಕೆ ಐದು. ಕುತ್ತಿಗೆ ನೋವು ಬಿಟ್ಟಿದ್ದಿಲ್ಲ. ಕೆಲಸ ಹನ್ನೊಂದು ವರ್ಷದಿಂದಲೂ ತಾತ್ಕಾಲಿಕ, ಈ ತಿಂಗಳೇ ನವೀಕರಣವಾಗಬೇಕು. ಬಸ್ ಕಂಡಕ್ಟರ್ ಆಗಿರುವ ಗಂಡ ಸಿಡಿಮಿಡಿಗೊಂಡಿದ್ದಾರೆ. “‘ನೀನು ಬಾಯಿ ಮುಚ್ಕೊಂಡಿದ್ರೆ ಯಾವ ದೇವ್ರು ಬಂದು ಕೇಳ್ತಿದ್ದ?’ ಅಂತಾರೆ ಇವ್ರು. ಅವ್ರು ಹೇಳೋದೂ ಸರೀನೇ,” ಎನ್ನುತ್ತಾ ಕಣ್ಣಕ್ಕ ಕೈಗವಸು ಬದಲಿಸುತ್ತಾರೆ.

ಇಂದು ಬೇಕೆಂದೇ ಎಡಗಣ್ಣು ತೆಗೆದಿದ್ದಾರೆ. ಪುಸ್ತಕದಲ್ಲಿ ‘ಎಡ’ ಎಂದು ಬರೆದು, ನನ್ನಿಂದಲೂ ಓದಿಸಿದ್ದಾರೆ. ಕೋಶಗಳು ಮತ್ತೆ ವಿರುದ್ಧವಾಗಿ ಮಿಡಿದರೆ ಶೋಧ ಉಳಿಯುತ್ತದೆ. ಇಲ್ಲವಾದರೆ ಅದು ಬರೀ ಕಣ್ಣಕ್ಕನ ಕೈತಪ್ಪು.

ಏಳೂವರೆಗೆ ಪಟ್ಟೆಗಳು ಓಡುತ್ತವೆ. ಸಂಶೋಧಕಿ ಉಗುರು ಕಚ್ಚುತ್ತಿದ್ದಾಳೆ. ಕಣ್ಣಕ್ಕನಿಗೆ ಪರದೆ ನೋಡುವ ಧೈರ್ಯವಿಲ್ಲ, ಕೋಶಗಳನ್ನು ಬದುಕಿಸಿಡುವ ದ್ರವದ ನಳಿಕೆಯನ್ನು ಸುಮ್ಮನೆ ಮುಟ್ಟಿಮುಟ್ಟಿ ನೋಡುತ್ತಾರೆ. ಇಪ್ಪತ್ತು ನಿಮಿಷವಾದರೂ ಒಂದೇ ಒಂದು ಕೋಶ ವಿರುದ್ಧವಾಗಿ ಮಿಡಿಯುವುದಿಲ್ಲ. ಸಂಶೋಧಕಿ ಮಾದರಿಯಿಂದ ತನ್ನ ನಿಯಮವನ್ನು ಅಳಿಸಿ, ಹಳೆಯ ಒಂಬತ್ತು ದಿನಗಳಿಗೆ ‘ಎಡ’ ಎಂದು ತಿದ್ದಿ ಲೆಕ್ಕ ಹಾಕಿಸುತ್ತಾಳೆ. ಲೆಕ್ಕ ಮತ್ತು ದಾಖಲೆ ಒಂದರ ಮೇಲೊಂದು ಕೂರುತ್ತವೆ.

“ನನ್ನ ನಿಯಮ ಬೇಕಾಗೇ ಇರ್ಲಿಲ್ಲ ಅಕ್ಕ,” ಎನ್ನುತ್ತಾಳೆ. ಕಣ್ಣಕ್ಕ ಅವಳ ಬೆನ್ನ ಮೇಲೆ ಕೈಯಿಡುತ್ತಾರೆ. ಅಳು ಇಬ್ಬರಿಗೂ ಬರುತ್ತದೆ.

ಮುಖ ತೊಳೆದು ಬಂದ ಸಂಶೋಧಕಿ ಪ್ರಬಂಧ ಹಿಂಪಡೆಯುವ ಪತ್ರ ಬರೆಯಲು ಕೂರುತ್ತಾಳೆ. “ಕಾರಣ ಕೇಳ್ತಾರೆ. ‘ತಾಂತ್ರಿಕ ದೋಷ’ ಅಂತ ಬರೀತೀನಿ ಅಕ್ಕ, ನಿಮ್ಮ ಹೆಸರು ಬೇಡ. ಕೆಲಸಕ್ಕೆ ಕುತ್ತು ಬಂದೀತು.”

ಕಣ್ಣಕ್ಕ ಕೈಗವಸು ಕಳಚಿ, ಪರದೆಯ ಮೇಲಿನ ಪತ್ರದತ್ತ ಬೆರಳು ತೋರುತ್ತಾರೆ.

“ಹೆಸರು ಹಾಕಮ್ಮ. ಇಷ್ಟು ವರ್ಷ ಸರಿ ಮಾಡಿದ್ದಕ್ಕೆ ಯಾರೂ ಹಾಕ್ಲಿಲ್ಲ. ಇದಕ್ಕಾದ್ರೂ ಹಾಕು.”