ತಾಳಿಯ ಸುತ್ತಲಿನ ಮಸುಕು

1958ರಲ್ಲಿ ನಾನು ಮದರಾಸಿನ ಒಂದು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಸಹಾಯಕನಾಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ರೋಗಿಗಳನ್ನು ಪ್ಲೇಟಿನ ಮುಂದೆ ನಿಲ್ಲಿಸುವುದು, ಆಮೇಲೆ ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆಯುವುದು ನನ್ನ ಕೆಲಸ.

ಎಕ್ಸ್‌ರೇ ಎಂದರೆ ನೆರಳು. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ, ಮೂಳೆ ಬೆಳ್ಳಗೆ, ಚಿನ್ನ ಇನ್ನೂ ಬೆಳ್ಳಗೆ ಕಾಣುತ್ತದೆ. ಮೈಮೇಲಿನದೂ ಒಳಗಿನದೂ ಒಂದೇ ಹಾಳೆಯ ಮೇಲೆ ಬೀಳುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಒಂದು ಫಿಲ್ಮ್ ಹೇಳಲಾರದು. ಅದಕ್ಕೇ ಒಡವೆ ತೆಗೆಸಬೇಕೆಂಬ ನಿಯಮ.

ಅಡ್ಯಾರಿನಲ್ಲಿದ್ದ ನನ್ನಕ್ಕ ಪದ್ಮಳಿಗೆ ಕೆಮ್ಮು ಬಿಡದಿದ್ದಾಗ ಡಾಕ್ಟರು ಎದೆಯ ಫಿಲ್ಮ್ ತೆಗೆಸಲು ಹೇಳಿದರು.

"ತಾಳಿ ತೆಗೀಬೇಕು ಅಕ್ಕ."

"ಅಯ್ಯೋ ಪಾಪಿ! ನಿಮ್ಮ ಭಾವ ಗುಂಡುಕಲ್ಲಿನ ಹಾಗೆ ಹೊರಗೆ ಕೂತಿರೋವಾಗಲೇ? ಬೇಕಾದ್ರೆ ನಿನ್ನ ಮಿಷನ್ನಿಗೆ ಕಣ್ಣು ಮುಚ್ಚಿಕೊಳ್ಳೋಕೆ ಹೇಳು."

ಬೇರೆಯವರಾಗಿದ್ದರೆ ಗದರಿಸಿ ತೆಗೆಸುತ್ತಿದ್ದೆ. ಅಕ್ಕನೆಂದು ಬಿಟ್ಟೆ.

ಫಿಲ್ಮಿನಲ್ಲಿ ಎಡ ಶ್ವಾಸಕೋಶದ ಮೇಲೆ ತಾಳಿಯ ಎರಡು ಬಿಲ್ಲೆಗಳು ಬಿದ್ದಿದ್ದವು. ಸುತ್ತ ಒಂದಿಷ್ಟು ಮಸುಕು.

"ಇದೇನಪ್ಪಾ ಶೀನ?" ಎಂದು ಡಾಕ್ಟರು ಮಸುಕಿನ ಮೇಲೆ ಬೆರಳಿಟ್ಟರು.

ಒಂದೊಂದು ಫಿಲ್ಮಿಗೂ ಲೆಕ್ಕ ಕೊಡಬೇಕಿತ್ತು; ಇನ್ನೊಂದು ತೆಗೆದರೆ ನಾನು ನಿಯಮ ಮುರಿದದ್ದು ಮೇಲಿನವರಿಗೆ ತಿಳಿಯುತ್ತಿತ್ತು. "ತಾಳಿ ಸಾರ್. ಉಸಿರು ಹಿಡಿ ಅಂದ್ರೆ ಬಿಟ್ಟುಬಿಟ್ಟಳು, ಅಲುಗಿತು" ಎಂದೆ. ಅಲುಗಿದ್ದರೆ ಬಿಲ್ಲೆಗಳ ಅಂಚೂ ಕದಡಬೇಕಿತ್ತು. ಅಂಚು ಕತ್ತರಿಸಿಟ್ಟಂತಿತ್ತು. ಅದು ನನಗೆ ಕಂಡಿತ್ತು. ಹೊರಗೆ ರೋಗಿಗಳ ಸಾಲು. ಡಾಕ್ಟರು ನನ್ನ ಮಾತು ನಂಬಿ ಕೆಮ್ಮಿನ ಔಷಧಿ ಬರೆದರು.

ಕೆಲವು ತಿಂಗಳ ಮೇಲೆ ಕಫದಲ್ಲಿ ರಕ್ತ ಬಂತು. ಈ ಸಲ ಅಕ್ಕನ ಕೊರಳಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರ ಮಾತ್ರ ಇತ್ತು.

"ತಾಳಿ ತೆಗೆದಿದೀನಿ ಕಣೋ. ನಿಮ್ಮ ಭಾವನೇ ಇದನ್ನ ಕಟ್ಟಿದ್ರು. ಇದು ಕಾಣಲ್ಲ ತಾನೇ?"

"ಕಾಣಲ್ಲ ಅಕ್ಕ."

ಹೊಸ ಫಿಲ್ಮಿನಲ್ಲಿ ಬಿಲ್ಲೆಗಳಿರಲಿಲ್ಲ. ಮಸುಕು ಅಲ್ಲೇ ಇತ್ತು, ನಿಂಬೆಹಣ್ಣಿನಷ್ಟಾಗಿ. ಡಾಕ್ಟರು ಎರಡೂ ಫಿಲ್ಮ್‌ಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಈ ಗಡ್ಡೆಗೆ ಆಗಲೇ ಆಪರೇಷನ್ ಮಾಡಿದ್ದರೆ ಉಳೀತಿದ್ದರೋ ಏನೋ, ನಾನು ಹೇಳಲಾರೆ. ಈಗ ಮಾಡೋ ಹಾಗಿಲ್ಲ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಅಕ್ಕ ಕೊನೆಯವರೆಗೂ ನೋಡಲು ಬಂದವರಿಗೆಲ್ಲ, "ನನ್ನ ತಮ್ಮನೇ ಫಿಲ್ಮ್ ತೆಗೆದದ್ದು, ಅವನಿಗೆ ಗೊತ್ತಾಗದ್ದು ಏನಿದೆ?" ಎನ್ನುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ದೀಪಾವಳಿಗೆ ಮುಂಚೆ ಹೋಗಿಬಿಟ್ಟಳು.

ನೆರಳು ಅರ್ಥವಾಗದಿದ್ದರೆ ಅದಕ್ಕೆ ಹೆಸರಿಡಬಾರದು, ಇನ್ನೊಮ್ಮೆ ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಿವೃತ್ತನಾಗುವವರೆಗೂ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಅರಿಶಿನದ ದಾರಗಳನ್ನು ಇಟ್ಟುಕೊಂಡಿದ್ದೆ. ತಾಳಿ ತೆಗೆಯಲು ಹಿಂಜರಿದವರ ಕೈಗೆ ಒಂದೊಂದು ಕೊಡುತ್ತಿದ್ದೆ. ಎಲ್ಲರೂ ಅದನ್ನೇ ಕೇಳುತ್ತಿದ್ದರು: "ಇದು ಕಾಣಲ್ಲ ತಾನೇ?"

"ಕಾಣಲ್ಲಮ್ಮ" ಎಂದು ಅವರನ್ನು ಪ್ಲೇಟಿನ ಮುಂದೆ ನಿಲ್ಲಿಸುತ್ತಿದ್ದೆ.