ತೂತಿನ ಕಂಪನಿಯ ಕೆಂಪು ಗೆರೆ

ನಮ್ಮ ಕಂಪನಿಗೆ ಚಿತ್ರದುರ್ಗದ ಜನ ಇಟ್ಟ ಹೆಸರು ‘ತೂತಿನ ಕಂಪನಿ’. ಚೆಂದದ ಅಕ್ಷರಗಳಲ್ಲಿ ನಾನು ಬರೆಸಿದ್ದ ಬೋರ್ಡನ್ನು ಒಬ್ಬರಾದರೂ ಓದಿದ್ದರೆ ಕೇಳಿ. ಪೋಸ್ಟ್‌ಮ್ಯಾನ್ ಕೂಡ ತೂತು ಹೊಡೆಯುವವರ ಮನೆ ಎಂದೇ ಹುಡುಕಿಕೊಂಡು ಬರುತ್ತಿದ್ದ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನಾನೇ ಎಲ್ಲರೆದುರು ಹಾಗೆ ಹೇಳತೊಡಗಿದೆ. ಆಡಿಕೊಳ್ಳುವವರ ಬಾಯಿ ಮುಚ್ಚಿಸಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಎಪ್ಪತ್ತರ ದಶಕ. ಸಾಫ್ಟ್‌ವೇರ್ ಎಂಬ ಮಾತು ನಮ್ಮ ಕಡೆ ಯಾರ ಕಿವಿಗೂ ಬಿದ್ದಿರಲಿಲ್ಲ. ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ನಮ್ಮಲ್ಲಿದ್ದದ್ದು ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆ, ಅದರಲ್ಲಿ ಒಂದು ಹಳೆಯ ಕಾರ್ಡ್ ಪಂಚ್ ಯಂತ್ರ. ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ನಾನು ಕಾಗದದ ಮೇಲೆ ಸಾಲು ಸಾಲಾಗಿ ಬರೆಯುತ್ತಿದ್ದೆ. ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು. ಆ ಸಾಲನ್ನು ಅದರಲ್ಲಿ ತೂತುಗಳಾಗಿ ಹೊಡೆಯಬೇಕು. ನೂರಾರು ಕಾರ್ಡುಗಳ ಕಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಅಲ್ಲಿನ ಕಂಪ್ಯೂಟರ್ ಕೇಂದ್ರದವರು ಪ್ರತಿ ಗುರುವಾರ ಒಂದು ಗಂಟೆ ಯಂತ್ರವನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅಚ್ಚಾದ ಹಾಳೆಗಳು ಮರುದಿನ ಬಸ್ಸಿನಲ್ಲೇ ವಾಪಸು ಬರುತ್ತಿದ್ದವು. ಆ ಒಂದು ಗಂಟೆ ತಪ್ಪಿದರೆ ನಮ್ಮ ಕಂಪನಿ ಬರೀ ರಟ್ಟಿನ ಅಂಗಡಿ.

ಗಣಿತ ಓದಿದ ಹೆಣ್ಣು ಕಾಲೇಜಿನಲ್ಲಿ ತಣ್ಣಗೆ ಪಾಠ ಹೇಳಿಕೊಂಡಿರಬಾರದೇ ಎಂದು ಬುದ್ಧಿ ಹೇಳಿದವರು ಬೇಕಾದಷ್ಟು ಜನ. ನಾನು ಕೇಳಲಿಲ್ಲ. ಮೊದಲು ಒಂದು ಹೈಸ್ಕೂಲಿನ ಅಂಕಪಟ್ಟಿ ಮಾಡಿದೆವು. ಆಮೇಲೆ ಹಿರಿಯೂರಿನ ತೆಂಗಿನಕಾಯಿ ಮಂಡಿಯೊಂದರ ಲಾರಿ ಪಟ್ಟಿ. ಇಬ್ಬರಿದ್ದವರು ಐವರಾದೆವು. ಮೂರನೆಯದು ನಿಜವಾದ ದೊಡ್ಡ ಕೆಲಸ: ಹಿರಿಯೂರಿನ ಒಬ್ಬ ಬಸ್ ಮಾಲೀಕರದು. ಅವರ ಬಸ್ಸುಗಳು ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಕಡೆಗೂ ಓಡುತ್ತಿದ್ದವು. ಯಾವ ಡ್ರೈವರು ಯಾವ ದಿನ ಯಾವ ಬಸ್ಸಿಗೆ ಎಂಬ ಡ್ಯೂಟಿ ಪಟ್ಟಿಯನ್ನು ಕಂಪ್ಯೂಟರಿನಿಂದ ಮಾಡಿಸಿಕೊಡುತ್ತೇವೆ ಎಂದು ನಾನು ಎದೆ ತಟ್ಟಿ ಹೇಳಿ ಬಂದಿದ್ದೆ. ಅದಕ್ಕಾಗಿ ಹೊಳಲ್ಕೆರೆಯಲ್ಲೊಂದು, ಹೊಸದುರ್ಗದಲ್ಲೊಂದು ಮೇಜು ಹಾಕಿಸಿ, ಇನ್ನೂ ಮೂವರನ್ನು ಸೇರಿಸಿಕೊಂಡೆ.

ನಮ್ಮ ಕಾರ್ಡುಗಳನ್ನು ಹೊಡೆಯುತ್ತಿದ್ದವಳು ಭರಮಸಾಗರದ ಕಡೆಯವಳು, ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಕುರಿ ಸಾಕುವ ಮನೆತನ, ಟೈಪಿಂಗಿನಲ್ಲಿ ಸೀನಿಯರ್ ಪಾಸಾದ ಕೈ. ಶುರುವಿನಲ್ಲಿ ಒಮ್ಮೆ ಕಟ್ಟು ನನ್ನ ಕೈಯಿಂದಲೇ ಜಾರಿ ನೆಲದ ತುಂಬ ಚೆಲ್ಲಿಹೋಯಿತು. ಮತ್ತೆ ಸಾಲಾಗಿ ಜೋಡಿಸಲು ಎರಡು ದಿನ ಹಿಡಿಯಿತು. ಅವತ್ತು ಅಕ್ಕ ಕೆಂಪು ಮಸಿ ತಂದು, ಕಟ್ಟನ್ನು ಒತ್ತಿ ಹಿಡಿದು, ಕಾರ್ಡುಗಳ ಅಂಚಿನ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಒಂದು ಗೆರೆ ಎಳೆದಳು. ಒಂದು ಕಾರ್ಡು ಜಾಗ ಬದಲಿಸಿದರೂ ಗೆರೆ ಮುರಿದು ಕಾಣುತ್ತದೆ. ಅವರ ಮನೆಯಲ್ಲಿ ಕುರಿಗಳ ಬೆನ್ನಿಗೆ ಕೆಮ್ಮಣ್ಣು ಬಳಿಯುತ್ತಾರಂತೆ, ಕೆರೆಯ ಹತ್ತಿರ ಬೇರೆಯವರ ಮಂದೆಯೊಳಗೆ ಸೇರಿಹೋದರೆ ಗುರುತಿಗೆ. ಅಲ್ಲಿಂದ ಮುಂದೆ ಗೆರೆ ಎಳೆಯದ ಕಟ್ಟು ನಮ್ಮ ಕೋಣೆಯಿಂದ ಹೊರಬೀಳಲಿಲ್ಲ.

ಬಸ್ಸಿನ ಪಟ್ಟಿ ಅಚ್ಚಾಗಿ ಬಂದಾಗ ನಾನು ಮಾಲೀಕರ ಎದುರೇ ಬಿಚ್ಚಿದೆ. ಹೆಮ್ಮೆ ನೋಡಿ! ಅವರು ಕನ್ನಡಕ ಏರಿಸಿ ಓದುತ್ತಾ ಹೋದವರು ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು. ಒಬ್ಬನೇ ಡ್ರೈವರು ಒಂದೇ ಬೆಳಿಗ್ಗೆ ಹೊಳಲ್ಕೆರೆಯ ಬಸ್ಸಿನಲ್ಲೂ ಇದ್ದ, ಹೊಸದುರ್ಗದ ಬಸ್ಸಿನಲ್ಲೂ ಇದ್ದ.

“ಏನಮ್ಮಾ, ಇವನಿಗೆ ಎರಡು ಮೈ ಅವೇನು?” ಎಂದರು. ನೆಲ ಬಿರಿದು ನುಂಗಬಾರದೇ ಎನಿಸಿತು.

ಪಟ್ಟಿಯ ಜೊತೆಗೇ ಬೆಂಗಳೂರಿನ ಕೇಂದ್ರದ ಮುಖ್ಯಸ್ಥರ ಕಾಗದವೂ ಬಂದಿತ್ತು. ಒಂದೇ ಹೆಸರು ಎರಡು ಕಡೆ ಅಚ್ಚಾದದ್ದು ಅವರ ಕಣ್ಣಿಗೂ ಬಿದ್ದಿತ್ತು. ತಪ್ಪು ಪ್ರೋಗ್ರಾಂ ಓಡಿಸಿ ಯಂತ್ರದ ಸಮಯ ಹಾಳುಮಾಡಲು ತಮಗೆ ಇಷ್ಟವಿಲ್ಲ, ಮುಂದಿನ ವಾರದಿಂದ ನಮ್ಮ ಗಂಟೆ ಇಲ್ಲ, ಬಸ್ಸಿನ ಕೆಲಸವನ್ನು ಬೇಕಾದರೆ ಕೇಂದ್ರದವರೇ ನೋಡಿಕೊಳ್ಳುತ್ತಾರೆ, ಸಣ್ಣ ಊರುಗಳಿಂದ ಇಂಥದ್ದೆಲ್ಲ ಆಗುವುದು ಕಷ್ಟ ಎಂದಿತ್ತು. ಕಂಪನಿಯ ಕತ್ತನ್ನೇ ಹಿಡಿದಿದ್ದರು.

ನಾನು ಬರೆದ ಸಾಲುಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ಡ್ರೈವರು ಬೇರೆ ಬಸ್ಸಿನಲ್ಲಿದ್ದಾನೆಯೇ ಎಂದು ಮೊದಲು ನೋಡು, ಆಮೇಲೆ ಹೆಸರು ಬರೆ ಎಂಬ ಕ್ರಮ ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಕಾರ್ಡು ಹೊಡೆದವಳದೇ ಎಂದು ನಿರ್ಧರಿಸಿಬಿಟ್ಟೆ. ಎಲ್ಲರೆದುರು ಅಕ್ಕನಿಗೆ ಬಾಯಿಗೆ ಬಂದಂತೆ ಬೈದೆ. ಕುರಿ ಕಾಯುವ ಕೈಗೆ ಯಂತ್ರ ಕೊಟ್ಟದ್ದು ನನ್ನ ತಪ್ಪು ಎಂದೂ ಅಂದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಅವಳು ಅಳಲಿಲ್ಲ, ದನಿ ಏರಿಸಲಿಲ್ಲ.

“ಕಟ್ಟು ಬೆಂಗಳೂರಾಗೈತೆ. ಅದನ್ನ ಕಣ್ಣಿಂದ ನೋಡ್ದೆ ನನ್ನ ಮ್ಯಾಲೆ ಹಾಕಬ್ಯಾಡ್ರಿ ಮೇಡಂ.”

ನಾಳೆಯಿಂದ ಬರಬೇಡ ಎಂದೆ.

ಮರುದಿನ ಬೆಳಿಗ್ಗೆ, ನಮ್ಮ ಗಂಟೆ ಉಳಿಸಿಕೊಳ್ಳಲು ಬೆಂಗಳೂರಿನ ಮೊದಲ ಬಸ್ಸಿಗೆಂದು ನಾನು ಸ್ಟ್ಯಾಂಡಿಗೆ ಹೋದರೆ, ಅವಳು ಆಗಲೇ ಬಂದು ನಿಂತಿದ್ದಳು. ಗೆರೆ ಎಳೆದವಳು ತಾನು, ನೋಡಬೇಕಾದವಳೂ ತಾನೇ ಎಂದಳು. ತನ್ನ ಟಿಕೆಟ್ಟನ್ನು ತಾನೇ ತೆಗೆದುಕೊಂಡಳು.

ಮುಖ್ಯಸ್ಥರು ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ಆದರೂ ಹಟಕ್ಕೆ ಬಿದ್ದು ಕನ್ನಡದಲ್ಲೇ ಉತ್ತರ ಕೊಟ್ಟೆ. ನಮ್ಮ ಕಟ್ಟು ಕೊಡಿ ಎಂದೆ. ತರಿಸಿದರು. ಅಕ್ಕ ಅದನ್ನು ಮೇಜಿನ ಮೇಲೆ ತಟ್ಟಿ ಸಮ ಮಾಡಿ, ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು. ಕೆಂಪು ಗೆರೆ ಮೂಲೆಯಿಂದ ನೆಟ್ಟಗೆ ಹೊರಟು, ನಡುವೆ ತುಂಡಾಗಿ, ಆ ತುಂಡು ಬೇರೆಲ್ಲೋ ಕಾಣಿಸಿಕೊಂಡಿತ್ತು. ಒಂದು ಹಿಡಿ ಕಾರ್ಡು ಅಲ್ಲಿ ಯಾರದೋ ಕೈಯಿಂದ ಬಿದ್ದು, ತಪ್ಪು ಜಾಗಕ್ಕೆ ಸೇರಿತ್ತು. ಹಾಗಾಗಿ ಯಂತ್ರ ಮೊದಲು ಹೆಸರು ಬರೆದು, ಆಮೇಲೆ ಡ್ರೈವರು ಬೇರೆ ಬಸ್ಸಿನಲ್ಲಿದ್ದಾನೆಯೇ ಎಂದು ನೋಡಿತ್ತು.

ಮಸಿ ಹರಡಿರಬೇಕು ಎಂದರು ಮುಖ್ಯಸ್ಥರು. ಅಕ್ಕ ಕಟ್ಟಿನ ಮೇಲೆ ಬಾಗಿದಳು. ಬರೀ ಗೆರೆ ನೋಡಿಕೊಂಡು, ಒಂದೊಂದೇ ಕಾರ್ಡು ಎಳೆದು, ಅದರದರ ಜಾಗಕ್ಕೆ ಸೇರಿಸಿದಳು. ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಈಗ ಓಡಿಸಿ ಎಂದೆ. ಓಡಿಸಿದರು. ಡ್ರೈವರು ಹೊಳಲ್ಕೆರೆಯ ಬಸ್ಸಿನಲ್ಲಿ ಮಾತ್ರ ಇದ್ದ.

“ಆಯ್ತಲ್ಲ, ಪಟ್ಟಿ ತಗೊಂಡು ಹೋಗಿ. ನಿಮ್ಮ ಗಂಟೆ ನಿಮಗೇ ಇರಲಿ” ಎಂದು ಕನ್ನಡಕ್ಕೆ ಬಂದರು.

ನಾನು ಏಳಲಿಲ್ಲ. ತಪ್ಪು ನಿಮ್ಮ ಕೇಂದ್ರದಲ್ಲಿ ಆದದ್ದು ಎಂದು ಬಸ್ ಮಾಲೀಕರಿಗೆ ಬರೆದುಕೊಡಿ ಎಂದೆ. ಇಂಥವೆಲ್ಲ ಆಗುತ್ತಿರುತ್ತವೆ, ಅದನ್ನೆಲ್ಲ ಯಾರು ಬರೆದುಕೊಡುತ್ತಾರೆ ಎಂದರು. ಸಣ್ಣ ಊರಿನವರಿಂದ ಆಗುವುದಿಲ್ಲ ಎಂದು ಬರೆಯಲು ನಿಮಗೆ ಕಾಗದ ಸಿಕ್ಕಿತ್ತಲ್ಲ, ಇದಕ್ಕೂ ಸಿಗುತ್ತದೆ ಎಂದೆ. ಹೊರಗೆ ಬೇರೆ ಗಿರಾಕಿಗಳು ಕಾಯುತ್ತಿದ್ದರು. ನಾನು ಕುರ್ಚಿ ಬಿಡಲಿಲ್ಲ. ಕೊನೆಗೆ ಟೈಪು ಮಾಡಿಸಿ ಸಹಿ ಹಾಕಿದರು.

ಸಂಜೆ ಹಿರಿಯೂರಿನಲ್ಲಿಳಿದು ಮಾಲೀಕರಿಗೆ ಪಟ್ಟಿ ಕೊಟ್ಟು ಕಾಗದ ತೋರಿಸಿದೆವು. ಎರಡು ಸಲ ಓದಿ, ಮುಂದಿನ ತಿಂಗಳದ್ದನ್ನೂ ನೀವೇ ಮಾಡ್ರಿ ಎಂದರು. ನನಗೆ ಕಾಲು ನೆಲದ ಮೇಲಿರಲಿಲ್ಲ. ಚಿತ್ರದುರ್ಗದ ಬಸ್ಸಿಗೆ ಕಾಯುತ್ತಾ ಕೂತಾಗ, ಆ ಮನುಷ್ಯನ ಕೈಲಿ ಹೇಗೆ ಬರೆಸಿದೆ ನೋಡಿದೆಯಾ ಎಂದು ಅಕ್ಕನಿಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅವಳು ನನ್ನ ಮುಖ ನೋಡಿದಳು.

“ಅವ್ರತ್ರ ನೀವು ಬರೆಸ್ಕೊಂಡ್ರಿ. ನನಗ್ಯಾರು ಬರ್ದು ಕೊಡ್ತಾರೆ?”

ಅವಳು ಚೀಲದಿಂದ ಒಂದು ಖಾಲಿ ಕಾರ್ಡು ತೆಗೆದು ನನ್ನ ತೊಡೆಯ ಮೇಲಿಟ್ಟಳು. ನಾನು ಬರೆದೆ: ‘ತಪ್ಪು ಕಾರ್ಡು ಹೊಡೆದವಳದಲ್ಲ. ಕಟ್ಟು ನೋಡದೆ ಬೈದವಳದು.’ ಅವಳು ಓದಿದಳು.

“ಸಹಿ ಹಾಕ್ರಿ.”

ಹಾಕಿದೆ.

ಮರುದಿನ ಬೆಂಗಳೂರಿನ ಕಾಗದವನ್ನು ನಾನು ಕೋಣೆಯ ಗೋಡೆಗೆ ಅಂಟಿಸಿದೆ. ಮಧ್ಯಾಹ್ನ ಬಂದು ನೋಡಿದರೆ ಅದರ ಪಕ್ಕದಲ್ಲಿ ನನ್ನ ಕಾರ್ಡೂ ಇತ್ತು, ಅದೇ ಎತ್ತರಕ್ಕೆ. ಮುಂದೆ ಕಂಪನಿ ಬೆಳೆದು, ಹೊಸಬರು ಸೇರಿದಾಗಲೆಲ್ಲ ಅಕ್ಕ ಅವರನ್ನು ಮೊದಲು ಆ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಎರಡನ್ನೂ ಓದಿಸುತ್ತಿದ್ದಳು. ನಾನು ಅಲ್ಲೇ ಮೇಜಿನ ಮುಂದೆ ಕೂತಿರುತ್ತಿದ್ದೆ. ತೆಗೆ ಎಂದು ಒಂದು ದಿನವೂ ಹೇಳಲಿಲ್ಲ.